ದೊಡ್ಡ ಲ್ಯಾನ್ ಪಾರ್ಟಿಯ ಆಟದ ಸರ್ವರ್‌ಗಳಿಗೆ ಐಪಿ ವಿಳಾಸ ಯೋಜನೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಸರ್ವರ್ ಚಾಲನೆಯಲ್ಲಿದೆ, ಪಿಂಗ್ ಮಾಡಿದರೆ (ತಲುಪುತ್ತದೆಯೇ ಎಂದು ನೋಡುವ ಪರೀಕ್ಷಾ ಸಂದೇಶ ಕಳುಹಿಸಿದರೆ) ಉತ್ತರವೂ ಬರುತ್ತದೆ, ಆದರೆ ಆಟದೊಳಗಿನ ಸರ್ವರ್ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಮೂವತ್ತು ಜನರಿದ್ದಾಗ ಚೆನ್ನಾಗಿ ನಡೆದ ಜಾಲ, ಮುನ್ನೂರು ಜನ ಬಂದು ಕುಳಿತ ಮೇಲೆ ಅರ್ಧ ಸಭಾಂಗಣಕ್ಕೆ ಮಾತ್ರ ಕೆಲಸ ಮಾಡುತ್ತದೆ. ದೊಡ್ಡ ಲ್ಯಾನ್ ಪಾರ್ಟಿಯನ್ನು, ಅಂದರೆ ಆಟಗಾರರು ತಮ್ಮ ಕಂಪ್ಯೂಟರ್ ತಂದು ಒಂದೇ ಸ್ಥಳೀಯ ಜಾಲದಲ್ಲಿ ಕೂಡಿ ಆಡುವ ಕೂಟವನ್ನು, ನಡೆಸುವವರು ಮತ್ತೆ ಮತ್ತೆ ಎಡವುವುದು ಈ ಎರಡು ಕಡೆಗಳಲ್ಲಿ. ಇಂಥ ಹೊತ್ತಿನಲ್ಲಿ ಆಟವನ್ನೋ ಸರ್ವರ್ ಯಂತ್ರವನ್ನೋ ದೂರುವುದು ವಾಡಿಕೆಯಾದರೂ, ಮೂಲ ಕಾರಣ ಬಹುಮಟ್ಟಿಗೆ ಬೇರೆಯೇ ಇರುತ್ತದೆ: ಯಾರಿಗೆ ಯಾವ ವಿಳಾಸ ಎಂಬುದನ್ನು ತೀರ್ಮಾನಿಸುವ ಮೊದಲೇ ಕೇಬಲ್‌ಗಳನ್ನು ಸಿಕ್ಕಿಸಲಾಗಿರುತ್ತದೆ.

ನೂರರಿಂದ ಸುಮಾರು ಸಾವಿರ ಆಟಗಾರರು ತಂತಿಯ ಮೂಲಕ ಸೇರುವ ಜಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹಂತಗಳನ್ನು ಬರೆಯಲಾಗಿದೆ. ಅವುಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಮೊದಲ ನಾಲ್ಕು ಹಂತಗಳು ಕಾಗದದ ಮೇಲೆಯೇ ಮುಗಿಯುತ್ತವೆ. ಅವು ಮುಗಿಯುವವರೆಗೆ ಒಂದು ಸ್ವಿಚ್ಚಿಗೂ ವಿದ್ಯುತ್ ಕೊಡುವ ಅಗತ್ಯವಿಲ್ಲ.

## ಮೊದಲೇ ಸಿದ್ಧವಾಗಿರಬೇಕಾದ ಸಲಕರಣೆ

ವಿಲ್ಯಾನ್ (ಒಂದೇ ಸ್ವಿಚ್ಚನ್ನು ಹಲವು ಪ್ರತ್ಯೇಕ ಜಾಲಗಳಾಗಿ ಒಡೆಯುವುದು), ಡಿಎಚ್‌ಸಿಪಿ ಸ್ನೂಪಿಂಗ್ (ಅನಧಿಕೃತವಾಗಿ ವಿಳಾಸ ಹಂಚುವ ಯಂತ್ರಗಳನ್ನು ತಡೆಯುವುದು) ಮತ್ತು ಐಜಿಎಂಪಿ ಸ್ನೂಪಿಂಗ್ (ಗುಂಪಿಗೆ ಕಳುಹಿಸಿದ ಸಂದೇಶವನ್ನು ಕೇಳಿದವರಿಗಷ್ಟೇ ತಲುಪಿಸುವುದು) ಸೌಲಭ್ಯಗಳಿರುವ ಮ್ಯಾನೇಜ್ಡ್ ಸ್ವಿಚ್‌ಗಳು, ಅಂದರೆ ನಾವೇ ಹೊಂದಿಸಬಹುದಾದ ಸ್ವಿಚ್‌ಗಳು, ಬೇಕು. ಗೇಟ್‌ವೇ ಆಗಿ (ಒಂದು ಜಾಲದಿಂದ ಇನ್ನೊಂದಕ್ಕೆ ಹೋಗುವ ಬಾಗಿಲಾಗಿ) ಕೆಲಸ ಮಾಡಲು ಒಂದು ರೂಟರ್ ಅಥವಾ ರೂಟರಿನ ಕೆಲಸವನ್ನೂ ಮಾಡುವ ಲೇಯರ್ 3 ಸ್ವಿಚ್ ಬೇಕು. ಡಿಎಚ್‌ಸಿಪಿ (ಯಂತ್ರಗಳಿಗೆ ತಾನಾಗಿ ವಿಳಾಸ ಹಂಚುವ) ಮತ್ತು ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವ) ಸೇವೆಗಳಿಗೆ ಪ್ರತ್ಯೇಕವಾದ ಒಂದು ಸಣ್ಣ ಯಂತ್ರವಿರಲಿ. ಆಟದ ಸರ್ವರ್ ಓಡುವ ಯಂತ್ರದ ಮೇಲೆಯೇ ಈ ಸೇವೆಗಳನ್ನು ಹೇರಿದರೆ, ಆಟವೊಂದು ಕೆಟ್ಟು ಯಂತ್ರವನ್ನು ಮರುಚಾಲನೆ ಮಾಡಬೇಕಾದಾಗ ಇಡೀ ಸಭಾಂಗಣ ಅದರ ಫಲ ಉಣ್ಣಬೇಕಾಗುತ್ತದೆ. ಪರೀಕ್ಷೆಗಾಗಿ ಜಾಲದಲ್ಲಿ ಓಡಾಡುವ ಸಂದೇಶಗಳನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಅಳವಡಿಸಿದ ಲ್ಯಾಪ್‌ಟಾಪ್ ಒಂದಿರಲಿ, ಸಾಧ್ಯವಾದರೆ ಮೂರಿರಲಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ವಿಳಾಸಗಳ ದಾಖಲೆ. ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಸರ್ವರ್‌ನ ಹೆಸರು, ಆಟ, ಐಪಿ ವಿಳಾಸ, ಪೋರ್ಟ್ ಸಂಖ್ಯೆ (ಒಂದು ವಿಳಾಸದಲ್ಲಿ ಯಾವ ಸೇವೆ ಎಂದು ತಿಳಿಸುವ ಅಂಕಿ), ಸಂದೇಶ ಸಾಗುವ ಬಗೆ ಯುಡಿಪಿಯೋ ಟಿಸಿಪಿಯೋ ಎಂಬ ವಿವರ, ಯಂತ್ರದ ಮ್ಯಾಕ್ ವಿಳಾಸ (ಅದರ ಜಾಲ ಸಂಪರ್ಕಕ್ಕೆ ಅಂಟಿದ ಗುರುತು), ಅದು ಯಾವ ಸ್ವಿಚ್ಚಿನ ಯಾವ ಪೋರ್ಟಿಗೆ (ಕೇಬಲ್ ಸಿಕ್ಕಿಸುವ ಕಿಂಡಿಗೆ) ಸೇರಿದೆ, ಮತ್ತು ಅದಕ್ಕೆ ಹೊಣೆ ಯಾರು ಎಂಬ ಅಂಕಣಗಳಿರಲಿ. ಈ ಹಾಳೆಯನ್ನು ತಿದ್ದುವ ಅಧಿಕಾರ ಒಬ್ಬರಿಗೇ ಇರಲಿ, ಮುದ್ರಿತ ಪ್ರತಿಯೊಂದು ನೆಟ್‌ವರ್ಕ್ ಮೇಜಿನ ಮೇಲಿರಲಿ. ಜಾಲವೇ ನಿಂತುಹೋದಾಗ ಜಾಲದಲ್ಲಿರುವ ದಾಖಲೆ ಉಪಯೋಗಕ್ಕೆ ಬರುವುದಿಲ್ಲ.

## ಹಂತ 1: ವಿಳಾಸ ಬೇಡುವ ಸಾಧನಗಳನ್ನು ಎಣಿಸಿ

ಎಣಿಸಬೇಕಾದದ್ದು ಕುರ್ಚಿಗಳನ್ನಲ್ಲ, ಸಾಧನಗಳನ್ನು. ಆಟಗಾರರ ಕಂಪ್ಯೂಟರ್‌ಗಳು, ಕೆಲವರು ತರುವ ಎರಡನೇ ಯಂತ್ರ ಅಥವಾ ಕನ್ಸೋಲ್, ಸಂಘಟಕರ ಯಂತ್ರಗಳು, ನೇರ ಪ್ರಸಾರದ ಯಂತ್ರಗಳು, ಸ್ವಿಚ್‌ಗಳು, ಸರ್ವರ್‌ಗಳು, ಆಟದ ಕಡತಗಳನ್ನು ಸ್ಥಳದಲ್ಲೇ ಸಂಗ್ರಹಿಸಿಡುವ ಲ್ಯಾನ್‌ಕ್ಯಾಶ್ ಯಂತ್ರ, ಇವೆಲ್ಲವೂ ವಿಳಾಸ ಕೇಳುತ್ತವೆ. ಮೊತ್ತಕ್ಕೆ ಕನಿಷ್ಠ ಅರ್ಧದಷ್ಟನ್ನು ಕೂಡಿಸಿ.

ಒಂದು ಸಬ್‌ನೆಟ್‌ನಲ್ಲಿ, ಅಂದರೆ ರೂಟರಿನ ನೆರವಿಲ್ಲದೆ ಪರಸ್ಪರ ಮಾತಾಡುವ ವಿಳಾಸಗಳ ಗುಂಪಿನಲ್ಲಿ, ಬಳಸಬಹುದಾದ ವಿಳಾಸಗಳು (ಓರೆಗೆರೆಯ ನಂತರದ ಸಂಖ್ಯೆ ಚಿಕ್ಕದಾದಷ್ಟೂ ಗುಂಪು ದೊಡ್ಡದು) /24ರಲ್ಲಿ 254, /23ರಲ್ಲಿ 510, /22ರಲ್ಲಿ 1022, /21ರಲ್ಲಿ 2046. ಮನೆಯ ರೂಟರ್‌ಗಳು ಸಾಮಾನ್ಯವಾಗಿ /24ರಲ್ಲೇ ಬರುವುದರಿಂದ ಅದೇ ಸಹಜ ಗಾತ್ರ ಎಂಬ ಭಾವನೆ ಹಲವರಲ್ಲಿದೆ. 240 ಆಟಗಾರರಿಗೆ 254 ವಿಳಾಸ ಸಾಕು ಎಂದುಕೊಂಡವರಿಗೆ ಎರಡನೇ ದಿನ ತೊಂದರೆ ಶುರುವಾಗುತ್ತದೆ, ಏಕೆಂದರೆ ಮೊದಲ ದಿನ ಬಂದು ಹೋದವರ ವಿಳಾಸಗಳು ಡಿಎಚ್‌ಸಿಪಿ ಕೊಟ್ಟ ಅವಧಿ ಮುಗಿಯುವವರೆಗೆ ಅವರ ಹೆಸರಿನಲ್ಲೇ ಉಳಿದಿರುತ್ತವೆ.

ಮೊಬೈಲ್ ಫೋನ್‌ಗಳನ್ನು ಈ ಲೆಕ್ಕಕ್ಕೆ ತರಬೇಡಿ. ವೈಫೈಗೆ ಪ್ರತ್ಯೇಕ ವಿಲ್ಯಾನ್ ಮತ್ತು ಪ್ರತ್ಯೇಕ ಸಬ್‌ನೆಟ್ ಕೊಡಿ. ಇಂದಿನ ಫೋನ್‌ಗಳು ತಮ್ಮ ನಿಜವಾದ ಮ್ಯಾಕ್ ವಿಳಾಸದ ಬದಲು ಯಾದೃಚ್ಛಿಕ ವಿಳಾಸವನ್ನು ತೋರಿಸುವುದರಿಂದ ಒಂದೇ ಫೋನ್ ಹಲವು ಐಪಿ ವಿಳಾಸಗಳನ್ನು ನುಂಗುವ ಸಾಧ್ಯತೆಯಿದೆ.

## ಹಂತ 2: ಖಾಸಗಿ ಶ್ರೇಣಿಯನ್ನು ಆರಿಸಿ

ಖಾಸಗಿ ಜಾಲಗಳಿಗಾಗಿ ಇಂಟರ್‌ನೆಟ್ ನಿಯಮಗಳ ದಾಖಲೆಯಾದ ಆರ್‌ಎಫ್‌ಸಿ 1918 ಮೂರು ಶ್ರೇಣಿಗಳನ್ನು ಬಿಟ್ಟುಕೊಟ್ಟಿದೆ: 10.0.0.0/8, 172.16.0.0/12 ಮತ್ತು 192.168.0.0/16. ಮೂರೂ ತಾಂತ್ರಿಕವಾಗಿ ಸಮಾನವಾದರೂ ಲ್ಯಾನ್ ಪಾರ್ಟಿಗೆ ನಾನು ಮೊದಲನೆಯದನ್ನು ಮಾತ್ರ ಶಿಫಾರಸು ಮಾಡುತ್ತೇನೆ.

ಮನೆಯ ರೂಟರ್‌ಗಳಲ್ಲಿ ಹೆಚ್ಚಿನವು 192.168.0.0/24 ಅಥವಾ 192.168.1.0/24 ಶ್ರೇಣಿಯಲ್ಲಿ ವಿಳಾಸ ಹಂಚುತ್ತವೆ. ಯಾರಾದರೂ ಅಂಥದೊಂದು ಪೆಟ್ಟಿಗೆಯನ್ನು ತಂದು ಮೇಜಿನಡಿಯ ಸ್ವಿಚ್ಚಿಗೆ ಸಿಕ್ಕಿಸಿದಾಗ, ನಿಮ್ಮ ಶ್ರೇಣಿಯೂ ಅದೇ ಆಗಿದ್ದರೆ ತಪ್ಪು ವಿಳಾಸ ಪಡೆದ ಯಂತ್ರವನ್ನು ಸರಿಯಾದ ಯಂತ್ರದಿಂದ ಬೇರ್ಪಡಿಸಿ ನೋಡುವ ದಾರಿಯೇ ಇರುವುದಿಲ್ಲ. ನಿಮ್ಮದು 10ರಿಂದ ಆರಂಭವಾಗುತ್ತಿದ್ದರೆ, 192ರಿಂದ ಆರಂಭವಾಗುವ ವಿಳಾಸ ಕಂಡ ಕ್ಷಣವೇ ಕಾರಣ ಗೊತ್ತಾಗುತ್ತದೆ. ಒಂದು ಯಂತ್ರದೊಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್ ತಂತ್ರಾಂಶದ ಹೋಸ್ಟ್-ಓನ್ಲಿ (ಯಂತ್ರದೊಳಗಿನ) ಜಾಲವೂ 192.168.56.0/24 ಅನ್ನು ಬಳಸುತ್ತದೆ ಎಂಬುದು ನೆನಪಿರಲಿ.

172.16.0.0/12 ಅನ್ನು ಬಿಡಲು ಕಾರಣ ಡಾಕರ್, ಅಂದರೆ ತಂತ್ರಾಂಶಗಳನ್ನು ಕಂಟೈನರ್ ಎಂಬ ಪ್ರತ್ಯೇಕ ಪೊಟ್ಟಣಗಳಲ್ಲಿ ಓಡಿಸುವ ಸಾಧನ. ಅದರ ಪೂರ್ವನಿಯೋಜಿತ ಬ್ರಿಡ್ಜ್ ಜಾಲ (ಕಂಟೈನರ್‌ಗಳನ್ನು ಜೋಡಿಸುವ ಒಳಜಾಲ) 172.17.0.0/16; ಹೊಸ ಜಾಲಗಳನ್ನು ಸೃಷ್ಟಿಸಿದಂತೆಲ್ಲ ಅದು 172.18, 172.19 ಎಂದು ಮುಂದುವರಿಯುತ್ತದೆ. ಆಟಗಾರರ ವಿಳಾಸವೂ ಅದೇ ಶ್ರೇಣಿಯಲ್ಲಿದ್ದರೆ ಸರ್ವರ್ ಯಂತ್ರ ತನ್ನ ಉತ್ತರವನ್ನು ಹೊರಗೆ ಕಳುಹಿಸದೆ ತನ್ನೊಳಗಿನ ಬ್ರಿಡ್ಜಿಗೇ ತಳ್ಳುತ್ತದೆ. ಆಗ ಕೆಲವರಿಗೆ ಮಾತ್ರ ಸರ್ವರ್ ಸಿಗುವುದಿಲ್ಲ, ಉಳಿದವರಿಗೆ ಸಿಗುತ್ತದೆ. ಕಾರಣ ಹುಡುಕಲು ಇದಕ್ಕಿಂತ ಕಷ್ಟವಾದ ದೋಷ ಅಪರೂಪ.

ಸಭಾಂಗಣದವರು ಕೊಡುವ ಇಂಟರ್‌ನೆಟ್ ಸಂಪರ್ಕ ಯಾವ ಶ್ರೇಣಿಯಲ್ಲಿ ಬರುತ್ತದೆ ಎಂದು ಮುಂಚೆಯೇ ಕೇಳಿ ತಿಳಿದುಕೊಳ್ಳಿ. ರೂಟರಿನ ಒಳಗೂ ಹೊರಗೂ ಒಂದೇ ಶ್ರೇಣಿಯಿದ್ದರೆ ಅದು ಕೆಲಸ ಮಾಡುವುದಿಲ್ಲ. ಮುಂದಿನ ಉದಾಹರಣೆಗಳಲ್ಲಿ 10.40.0.0/16 ಅನ್ನು ಇಡೀ ಪಾರ್ಟಿಗೆ ಮೀಸಲಿಟ್ಟಿದ್ದೇವೆ ಎಂದು ಇಟ್ಟುಕೊಳ್ಳೋಣ.

ಕೆಲವು ಸಂಘಟಕರಿಗೆ ಆಟಗಾರರೆಲ್ಲರಿಗೂ ಸಾರ್ವಜನಿಕ ವಿಳಾಸ ಕೊಡುವಷ್ಟು ಅನುಕೂಲವಿರುತ್ತದೆ. ಹಾಗೆ ಮಾಡುವುದಾದರೆ, ವಾಲ್ವ್ ಕಂಪನಿಯ ಸೋರ್ಸ್ ಎಂಜಿನ್ ಮೇಲೆ ನಿಂತ ಆಟಗಳ ಸರ್ವರ್‌ಗಳಲ್ಲಿರುವ ಲ್ಯಾನ್ ಆಯ್ಕೆಯನ್ನು ಚಾಲೂ ಮಾಡಿದಾಗ ಅವು ಸ್ಥಳೀಯವೆಂದು ಗುರುತಿಸಿದ ವಿಳಾಸಗಳನ್ನಷ್ಟೇ ಒಳಬಿಡುತ್ತವೆ ಎಂಬುದನ್ನು ಗಮನದಲ್ಲಿಡಿ. ಖಾಸಗಿ ಶ್ರೇಣಿಯಲ್ಲಿ ಈ ತೊಂದರೆ ಬರುವುದಿಲ್ಲ.

## ಹಂತ 3: ಒಂದೇ ಸಬ್‌ನೆಟ್ಟೋ ಹಲವೋ ತೀರ್ಮಾನಿಸಿ

ಇಡೀ ಯೋಜನೆಯಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಈ ತೀರ್ಮಾನಕ್ಕೆ. ಲ್ಯಾನ್ ಸರ್ವರ್ ಪಟ್ಟಿ ತೆರೆದಾಗ ಆಟವು ಸರ್ವರ್‌ನ ವಿಳಾಸವನ್ನು ಮೊದಲೇ ತಿಳಿದಿರುವುದಿಲ್ಲ. ಅದು 255.255.255.255 ಎಂಬ, ಸಬ್‌ನೆಟ್‌ನ ಎಲ್ಲರಿಗೂ ತಲುಪುವ ಬ್ರಾಡ್‌ಕಾಸ್ಟ್ ವಿಳಾಸಕ್ಕೆ ಒಂದು ಪ್ರಶ್ನೆ ಕಳುಹಿಸಿ, ಯಾರು ಉತ್ತರಿಸುತ್ತಾರೋ ಅವರ ಹೆಸರನ್ನು ಪಟ್ಟಿಯಲ್ಲಿ ತೋರಿಸುತ್ತದೆ. ಈ ಪ್ರಶ್ನೆ ರೂಟರನ್ನು ದಾಟುವುದಿಲ್ಲ. ಆದ್ದರಿಂದ ಸರ್ವರ್ ಮತ್ತು ಆಟಗಾರರು ಬೇರೆ ಬೇರೆ ಸಬ್‌ನೆಟ್‌ಗಳಲ್ಲಿದ್ದರೆ ಪಿಂಗ್ ಸರಾಗವಾಗಿ ನಡೆದರೂ ಪಟ್ಟಿ ಖಾಲಿಯಾಗಿಯೇ ಇರುತ್ತದೆ. ಇದು ದೋಷವಲ್ಲ, ಜಾಲದ ಸ್ವಭಾವವೇ ಹಾಗೆ.

ಹಾಗಾದರೆ ಎಲ್ಲರನ್ನೂ ಒಂದೇ ಸಬ್‌ನೆಟ್‌ನಲ್ಲಿ ಇರಿಸಿಬಿಡಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಇರಿಸಬಹುದು, ಮಿತಿಯೊಂದಿಗೆ. ಒಂದೇ ಸಬ್‌ನೆಟ್‌ನಲ್ಲಿ ಪ್ರತಿ ಯಂತ್ರದ ಎಆರ್‌ಪಿ ವಿಚಾರಣೆ (ಈ ಐಪಿ ವಿಳಾಸದ ಮ್ಯಾಕ್ ವಿಳಾಸ ಯಾವುದು ಎಂಬ ಪ್ರಶ್ನೆ), ಪ್ರಿಂಟರ್ ಮತ್ತು ಟಿವಿಗಳನ್ನು ಹುಡುಕುವ ಸಂದೇಶ, ಸರ್ವರ್ ಪಟ್ಟಿಯ ಹುಡುಕಾಟ, ಇವೆಲ್ಲವೂ ಉಳಿದ ಎಲ್ಲ ಯಂತ್ರಗಳಿಗೂ ತಲುಪುತ್ತವೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಒಂದು ಮೇಜಿನಲ್ಲಿ ಯಾರೋ ಕೇಬಲ್ಲಿನ ಎರಡೂ ತುದಿಗಳನ್ನು ಒಂದೇ ಸ್ವಿಚ್ಚಿಗೆ ಸಿಕ್ಕಿಸಿ ಲೂಪ್ (ಸಂದೇಶಗಳು ಕೊನೆಯಿಲ್ಲದೆ ಸುತ್ತುವ ದಾರಿ) ಉಂಟುಮಾಡಿದರೆ ಅದರ ಪರಿಣಾಮ ಸಭಾಂಗಣದ ಕೊನೆಯ ಸಾಲಿನವರೆಗೂ ಹೋಗುತ್ತದೆ.

ನನ್ನ ಅಭಿಪ್ರಾಯದಲ್ಲಿ, ಒಳ್ಳೆಯ ಮ್ಯಾನೇಜ್ಡ್ ಸ್ವಿಚ್‌ಗಳಿದ್ದು ಆಟಗಾರರು ಐನೂರರೊಳಗೆ ಇದ್ದರೆ ಒಂದೇ /22 ಸಬ್‌ನೆಟ್ ಇಟ್ಟುಕೊಳ್ಳುವುದೇ ಜಾಣತನ; ಸರ್ವರ್‌ಗಳನ್ನೂ ಅದರೊಳಗೇ ಇರಿಸಿ. ಅದಕ್ಕಿಂತ ಹೆಚ್ಚಾದರೆ ಸಾಲುಗಳ ಗುಂಪಿಗೆ ಒಂದರಂತೆ ವಿಲ್ಯಾನ್ ಮಾಡಿ, ಪ್ರತಿಯೊಂದಕ್ಕೂ ಒಂದು /24 ಕೊಟ್ಟು, ಸರ್ವರ್‌ಗಳಿಗೆ ಪ್ರತ್ಯೇಕ /24 ಕೊಡಿ. ಉದಾಹರಣೆಗೆ ಸರ್ವರ್‌ಗಳಿಗೆ 10.40.10.0/24, ಮೊದಲ ಗುಂಪಿಗೆ 10.40.11.0/24, ಎರಡನೆಯದಕ್ಕೆ 10.40.12.0/24. ವಿಲ್ಯಾನ್ ಸಂಖ್ಯೆ ಮತ್ತು ವಿಳಾಸದ ಮೂರನೇ ಭಾಗ ಒಂದೇ ಆಗಿದ್ದರೆ ರಾತ್ರಿ ಎರಡು ಗಂಟೆಗೆ ದೋಷ ಹುಡುಕುವವರಿಗೆ ಬಹಳ ಅನುಕೂಲವಾಗುತ್ತದೆ.

ಹೀಗೆ ಒಡೆದರೆ, ಸರ್ವರ್ ಪಟ್ಟಿಯ ಬದಲಿಗೆ ಏನು ಎಂಬುದನ್ನೂ ಈಗಲೇ ತೀರ್ಮಾನಿಸಬೇಕು. ಮೊದಲ ದಾರಿ, ಆಟಗಾರರು ವಿಳಾಸ ಮತ್ತು ಪೋರ್ಟ್ ಸಂಖ್ಯೆಯನ್ನು ತಾವೇ ನಮೂದಿಸಿ ನೇರವಾಗಿ ಸೇರುವುದು. ಇದು ಸರಳ, ಮತ್ತು ಸರ್ವರ್ ಇರುವ ಬಹುತೇಕ ಎಲ್ಲ ಆಟಗಳಲ್ಲೂ ಸಾಧ್ಯ. ಎರಡನೆಯದು, ನಿರ್ದಿಷ್ಟ ಯುಡಿಪಿ ಪೋರ್ಟ್‌ಗಳ ಬ್ರಾಡ್‌ಕಾಸ್ಟನ್ನು ಒಂದು ವಿಲ್ಯಾನಿನಿಂದ ಇನ್ನೊಂದಕ್ಕೆ ದಾಟಿಸುವ ರಿಲೇ ತಂತ್ರಾಂಶ. ವಾರ್‌ಕ್ರಾಫ್ಟ್ 3ರಂತೆ ಲ್ಯಾನ್ ಪಟ್ಟಿಯನ್ನೇ ನಂಬಿಕೊಂಡಿರುವ ಹಳೆಯ ಆಟಗಳಿಗೆ ಮಾತ್ರ ಇದನ್ನು ಬಳಸಿ. ಎಲ್ಲ ಪೋರ್ಟ್‌ಗಳನ್ನೂ ದಾಟಿಸಿದರೆ ವಿಲ್ಯಾನ್ ಒಡೆದದ್ದೇ ವ್ಯರ್ಥವಾಗುತ್ತದೆ. ಮೂರನೆಯದು, ಸರ್ವರ್ ಯಂತ್ರಕ್ಕೇ ಪ್ರತಿ ವಿಲ್ಯಾನಿನಲ್ಲೂ ಒಂದೊಂದು ವಿಳಾಸ ಕೊಡುವುದು. ಕೇಳಲು ಆಕರ್ಷಕವಾದ ಈ ಉಪಾಯದಲ್ಲಿ ಪ್ರಶ್ನೆ ಒಂದು ವಿಳಾಸಕ್ಕೆ ಬಂದು ಉತ್ತರ ಇನ್ನೊಂದು ವಿಳಾಸದಿಂದ ಹೊರಡುವ ಗೊಂದಲ ಸುಲಭವಾಗಿ ಹುಟ್ಟುವುದರಿಂದ ನಾನು ಇದನ್ನು ಒಪ್ಪುವುದಿಲ್ಲ.

ವಿಳಾಸದ ಕೋರಿಕೆಗಳನ್ನು ವಿಲ್ಯಾನ್ ದಾಟಿಸುವ ಡಿಎಚ್‌ಸಿಪಿ ರಿಲೇ ಹಾಕಿದರೆ ಆಟದ ಹುಡುಕಾಟವೂ ತಾನಾಗಿ ದಾಟುತ್ತದೆ ಎಂದು ಭಾವಿಸುವವರಿದ್ದಾರೆ. ಅದು ಡಿಎಚ್‌ಸಿಪಿಯಂಥ ಕೆಲವೇ ಸೇವೆಗಳ ಸಂದೇಶಗಳನ್ನು ದಾಟಿಸುತ್ತದೆ, ಆಟದ ಪೋರ್ಟ್‌ಗಳು ಅದರಲ್ಲಿ ಸೇರಿರುವುದಿಲ್ಲ. ಇನ್ನೊಂದು ಸಬ್‌ನೆಟ್ಟಿನ ಬ್ರಾಡ್‌ಕಾಸ್ಟ್ ವಿಳಾಸಕ್ಕೇ ನೇರವಾಗಿ ಸಂದೇಶ ಕಳುಹಿಸುವ ಪ್ರಯತ್ನವೂ ಸಾಮಾನ್ಯವಾಗಿ ಫಲಿಸದು. 1999ರ ಆರ್‌ಎಫ್‌ಸಿ 2644ರ ನಂತರ ರೂಟರ್‌ಗಳು ಅಂಥ ಸಂದೇಶವನ್ನು ಮುಂದಕ್ಕೆ ಕಳುಹಿಸದಿರುವುದೇ ಪೂರ್ವನಿಯೋಜಿತ ನಡವಳಿಕೆಯಾಗಿದೆ.

ಸರ್ವರ್ ವಿಲ್ಯಾನ್ ಮತ್ತು ಆಟಗಾರರ ವಿಲ್ಯಾನ್‌ಗಳ ನಡುವೆ ನ್ಯಾಟ್ (ಹಲವು ವಿಳಾಸಗಳನ್ನು ಒಂದೇ ವಿಳಾಸವಾಗಿ ಬದಲಿಸುವ ವಿಧಾನ) ಇರಲೇಬಾರದು, ಬರಿಯ ರೂಟಿಂಗ್ ಇರಬೇಕು. ನ್ಯಾಟ್ ಇದ್ದರೆ ಸರ್ವರಿಗೆ ಎಲ್ಲ ಆಟಗಾರರೂ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತಾರೆ, ಒಬ್ಬನನ್ನು ವಿಳಾಸದ ಆಧಾರದ ಮೇಲೆ ನಿಷೇಧಿಸಿದರೆ ಎಲ್ಲರೂ ಹೊರಬೀಳುತ್ತಾರೆ.

## ಹಂತ 4: ವಿಳಾಸಗಳನ್ನು ಹಂಚಿ ಬರೆದಿಡಿ

ಒಂದೇ ಸಬ್‌ನೆಟ್ ಆಯ್ದುಕೊಂಡಿದ್ದರೆ 10.40.0.0/22 ಅನ್ನು ಹೀಗೆ ಹಂಚಬಹುದು:

- 10.40.0.1: ಗೇಟ್‌ವೇ
- 10.40.0.2ರಿಂದ 10.40.0.9: ಡಿಎಚ್‌ಸಿಪಿ, ಡಿಎನ್‌ಎಸ್, ಲ್ಯಾನ್‌ಕ್ಯಾಶ್
- 10.40.0.50ರಿಂದ 10.40.0.199: ಆಟದ ಸರ್ವರ್‌ಗಳು
- 10.40.0.200ರಿಂದ 10.40.0.254: ಸಂಘಟಕರು, ನೇರ ಪ್ರಸಾರ
- 10.40.1.1ರಿಂದ 10.40.3.254: ಆಟಗಾರರಿಗೆ ಡಿಎಚ್‌ಸಿಪಿ ಮೂಲಕ

ನಡುವೆ ಬಿಟ್ಟ ಖಾಲಿ ಜಾಗ ಉದ್ದೇಶಪೂರ್ವಕವಾದದ್ದು. ಸ್ವಿಚ್‌ಗಳ ನಿರ್ವಹಣೆಯ ವಿಳಾಸಗಳು ಆಟಗಾರರು ತಲುಪಲಾಗದ ಬೇರೆಯೇ ವಿಲ್ಯಾನಿನಲ್ಲಿರಲಿ. ಆಟಗಾರರ ಶ್ರೇಣಿಯಲ್ಲಿ 10.40.1.255 ಮತ್ತು 10.40.2.0 ಮುಂತಾದವು /22ರೊಳಗೆ ಸಿಂಧುವಾದ ವಿಳಾಸಗಳೇ ಆದರೂ, 0 ಅಥವಾ 255ರಲ್ಲಿ ಕೊನೆಗೊಳ್ಳುವ ವಿಳಾಸ ಕಂಡರೆ ತಪ್ಪಾಗಿ ವರ್ತಿಸುವ ಹಳೆಯ ತಂತ್ರಾಂಶಗಳಿರುವುದರಿಂದ ಅವನ್ನು ಬಿಟ್ಟುಬಿಡಿ. ಆಗಲೂ 762 ವಿಳಾಸಗಳು ಉಳಿಯುತ್ತವೆ.

ಒಂದೇ ಆಟದ ಹಲವು ಸರ್ವರ್‌ಗಳನ್ನು ಒಂದೇ ವಿಳಾಸದ ಬೇರೆ ಬೇರೆ ಪೋರ್ಟ್‌ಗಳಲ್ಲಿ ಓಡಿಸಬೇಕೇ, ಅಥವಾ ಪ್ರತಿಯೊಂದಕ್ಕೂ ಬೇರೆ ವಿಳಾಸ ಕೊಡಬೇಕೇ ಎಂಬುದೂ ಇಲ್ಲೇ ತೀರ್ಮಾನವಾಗಬೇಕು. ಲ್ಯಾನ್ ಹುಡುಕಾಟ ಎಲ್ಲ ಪೋರ್ಟ್‌ಗಳನ್ನೂ ತಡಕುವುದಿಲ್ಲ. ಕ್ವೇಕ್ 3 ಹುಡುಕುವುದು 27960ರಿಂದ 27963ರವರೆಗಿನ ನಾಲ್ಕು ಪೋರ್ಟ್‌ಗಳನ್ನು ಮಾತ್ರ. ಒಂದೇ ವಿಳಾಸದಲ್ಲಿ ಐದನೆಯ ಸರ್ವರನ್ನು 27964ರಲ್ಲಿ ತೆರೆದರೆ ಅದು ಪಟ್ಟಿಗೆ ಬರುವುದೇ ಇಲ್ಲ. ಸೋರ್ಸ್ ಎಂಜಿನ್ ಆಟಗಳೂ 27015ರ ಆಸುಪಾಸಿನ ಕೆಲವೇ ಪೋರ್ಟ್‌ಗಳನ್ನು ನೋಡುತ್ತವೆ. ವಿಳಾಸಗಳಿಗೆ ಬರವಿಲ್ಲದಿರುವಾಗ ಪ್ರತಿ ಸರ್ವರಿಗೂ ಸ್ವಂತ ವಿಳಾಸ ಕೊಟ್ಟು, ಎಲ್ಲವನ್ನೂ ಆಟದ ಮೂಲ ಪೋರ್ಟ್‌ನಲ್ಲೇ ಓಡಿಸುವುದು ಉತ್ತಮ; ಆಟಗಾರರು ನೆನಪಿಡಬೇಕಾದದ್ದೂ ಕಡಿಮೆಯಾಗುತ್ತದೆ.

## ಹಂತ 5: ಸರ್ವರ್ ಯಂತ್ರಗಳಿಗೆ ಸ್ಥಿರ ವಿಳಾಸ ಹಾಕಿ

ಸಂಘಟಕರ ಸ್ವಂತ ಸರ್ವರ್‌ಗಳಲ್ಲಿ ವಿಳಾಸ, ಸಬ್‌ನೆಟ್ ಮಾಸ್ಕ್ (ಸಬ್‌ನೆಟ್‌ನ ಗಾತ್ರ ತಿಳಿಸುವ ಅಂಕಿ), ಗೇಟ್‌ವೇ ಮತ್ತು ಡಿಎನ್‌ಎಸ್ ನಾಲ್ಕನ್ನೂ ಯಂತ್ರದಲ್ಲೇ ಕೈಯಾರೆ ನಮೂದಿಸಿ. ಆಗ ಡಿಎಚ್‌ಸಿಪಿ ಸೇವೆ ನಿಂತರೂ ನಡೆಯುತ್ತಿರುವ ಪಂದ್ಯಗಳು ನಿಲ್ಲುವುದಿಲ್ಲ. ಎರವಲು ತಂದ ಅಥವಾ ಆಟಗಾರರು ತಂದ ಸರ್ವರ್‌ಗಳಿಗೆ ಮಾತ್ರ ಮ್ಯಾಕ್ ವಿಳಾಸದ ಆಧಾರದಲ್ಲಿ ಡಿಎಚ್‌ಸಿಪಿ ಮೀಸಲಾತಿ ಮಾಡಿ.

ಇಲ್ಲಿ ಅತಿ ಹೆಚ್ಚು ಜನ ಮಾಡುವ ತಪ್ಪು ಸಬ್‌ನೆಟ್ ಮಾಸ್ಕಿನದು. ಜಾಲ /22 ಆಗಿರುವಾಗ ಮಾಸ್ಕ್ 255.255.252.0 ಆಗಿರಬೇಕು. ಅಭ್ಯಾಸಬಲದಿಂದ 255.255.255.0 ಎಂದು ಹಾಕಿದರೆ, 10.40.0.60 ವಿಳಾಸದ ಸರ್ವರ್ 10.40.2.31ರಲ್ಲಿರುವ ಆಟಗಾರನನ್ನು ಬೇರೆ ಜಾಲದವನೆಂದು ತಿಳಿದು ಉತ್ತರವನ್ನು ಗೇಟ್‌ವೇಗೆ ಕಳುಹಿಸುತ್ತದೆ. ಗೇಟ್‌ವೇ ನಮೂದಿಸದಿದ್ದರೆ ಉತ್ತರ ಹೊರಡುವುದೇ ಇಲ್ಲ. ಪರೀಕ್ಷೆ ಮಾಡುವ ಸಂಘಟಕರ ಯಂತ್ರಗಳು 10.40.0ರ ಗುಂಪಿನಲ್ಲೇ ಇರುವುದರಿಂದ ಅವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ದೂರು ಬರುವುದು ಆಟಗಾರರಿಂದ ಮಾತ್ರ.

ಗೇಟ್‌ವೇ ಖಾಲಿ ಬಿಡುವುದರಿಂದ ವಿಂಡೋಸ್‌ನಲ್ಲಿ ಇನ್ನೊಂದು ತೊಡಕಿದೆ. ಗೇಟ್‌ವೇ ಇಲ್ಲದ ಜಾಲವನ್ನು ಅದು ಗುರುತಿಸಲಾಗದ ಜಾಲವೆಂದು ಪರಿಗಣಿಸಿ ಪಬ್ಲಿಕ್ ವರ್ಗಕ್ಕೆ ಸೇರಿಸುತ್ತದೆ, ಅದರೊಂದಿಗೆ ಫೈರ್‌ವಾಲ್ ಬಿಗಿಯಾಗುತ್ತದೆ. ಜಾಲದ ವರ್ಗ ಪ್ರೈವೇಟ್ ಆಗಿದೆಯೇ ಎಂದು ಪ್ರತಿ ಸರ್ವರ್‌ನಲ್ಲೂ ನೋಡಿ.

ಬಳಸದ ಅಡಾಪ್ಟರ್‌ಗಳನ್ನು (ಜಾಲ ಸಂಪರ್ಕಗಳನ್ನು) ನಿಷ್ಕ್ರಿಯಗೊಳಿಸಿ: ವೈಫೈ, ವರ್ಚುವಲ್‌ಬಾಕ್ಸ್, ಹೈಪರ್-ವಿ, ವಿಪಿಎನ್ ಯಾವುದೂ ಚಾಲೂ ಇರಬಾರದು. ಸರ್ವರ್ ತಂತ್ರಾಂಶದಲ್ಲಿ ಯಾವ ವಿಳಾಸಕ್ಕೆ ಕಟ್ಟಿಕೊಳ್ಳಬೇಕು ಎಂದು ಸೂಚಿಸುವ ಆಯ್ಕೆಯಿದ್ದರೆ ಅದನ್ನು ತುಂಬಿ. ತುಂಬದಿದ್ದರೆ ಅದು ತಪ್ಪು ಅಡಾಪ್ಟರಿನ ವಿಳಾಸವನ್ನು ಹಿಡಿದುಕೊಂಡೀತು.

ವರ್ಚುವಲ್ ಯಂತ್ರಗಳ ಅಡಾಪ್ಟರ್ ನ್ಯಾಟ್ ವಿಧಾನದಲ್ಲಿರದೆ ಬ್ರಿಡ್ಜ್ ವಿಧಾನದಲ್ಲಿರಲಿ (ಹೊರಗಿನ ಜಾಲಕ್ಕೇ ನೇರವಾಗಿ ಜೋಡಿಸಿರಲಿ). ಡಾಕರ್‌ನ ಪೂರ್ವನಿಯೋಜಿತ ಬ್ರಿಡ್ಜಿನೊಳಗಿರುವ ಕಂಟೈನರಿಗೆ ಹೊರಗಿನ ಬ್ರಾಡ್‌ಕಾಸ್ಟ್ ಪ್ರಶ್ನೆ ತಲುಪುವುದಿಲ್ಲ, ಹಾಗಾಗಿ ಪೋರ್ಟ್ ತೆರೆದಿದ್ದರೂ ಅದು ಪಟ್ಟಿಗೆ ಬರುವುದಿಲ್ಲ. ಹೋಸ್ಟ್ ಜಾಲ ವಿಧಾನವನ್ನೋ (ಯಂತ್ರದ ಜಾಲವನ್ನೇ ಹಂಚಿಕೊಳ್ಳುವುದು) ಮ್ಯಾಕ್‌ವಿಲ್ಯಾನ್ ವಿಧಾನವನ್ನೋ (ಕಂಟೈನರಿಗೆ ಸ್ವಂತ ಮ್ಯಾಕ್ ವಿಳಾಸ ಕೊಡುವುದು) ಬಳಸಿ. ಮ್ಯಾಕ್‌ವಿಲ್ಯಾನ್ ಬಳಸಿದರೆ ಆತಿಥೇಯ ಯಂತ್ರ ತನ್ನದೇ ಕಂಟೈನರನ್ನು ತಲುಪಲಾರದು. ಅದು ಆ ವಿಧಾನದ ಗುಣವಾದ್ದರಿಂದ ಗಾಬರಿಯಾಗದೆ ಬೇರೆ ಯಂತ್ರದಿಂದ ಪರೀಕ್ಷಿಸಿ.

## ಹಂತ 6: ಡಿಎಚ್‌ಸಿಪಿ ಮತ್ತು ಸ್ವಿಚ್‌ಗಳನ್ನು ಬಿಗಿಗೊಳಿಸಿ

ಡಿಎಚ್‌ಸಿಪಿ ಹಂಚುವ ಶ್ರೇಣಿಯೊಳಗೆ ಒಂದೂ ಸ್ಥಿರ ವಿಳಾಸ ಇರಬಾರದು. ಶ್ರೇಣಿಯೊಳಗಿನ ವಿಳಾಸವನ್ನು ಸರ್ವರಿಗೆ ಕೈಯಾರೆ ಕೊಟ್ಟರೆ, ಕೆಲ ಗಂಟೆಗಳ ನಂತರ ಅದೇ ವಿಳಾಸ ಆಟಗಾರನೊಬ್ಬನಿಗೂ ಹೋಗಬಹುದು. ಆಗ ಸರ್ವರ್ ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ.

ವಿಳಾಸದ ಅವಧಿಯನ್ನು 12 ಗಂಟೆಯಷ್ಟು ಇಡುವುದು ನನ್ನ ಸಲಹೆ. ಅವಧಿಯ ಅರ್ಧ ಕಳೆದಾಗ ಯಂತ್ರಗಳು ನವೀಕರಣ ಕೇಳುತ್ತವೆ, ಆದ್ದರಿಂದ ಡಿಎಚ್‌ಸಿಪಿ ಸೇವೆ ಕೆಟ್ಟರೂ ಸೇರಿಕೊಂಡಿರುವವರಿಗೆ ಕನಿಷ್ಠ ಆರು ಗಂಟೆಗಳ ಅವಕಾಶ ಉಳಿದಿರುತ್ತದೆ. ಹತ್ತು ನಿಮಿಷದ ಅವಧಿ ಇಟ್ಟರೆ ಸೇವೆಯ ಸಣ್ಣ ವಿರಾಮವೂ ಎಲ್ಲರನ್ನೂ ತಟ್ಟುತ್ತದೆ. ವಾರದ ಅವಧಿ ಇಟ್ಟರೆ ಹೋದವರ ವಿಳಾಸಗಳು ಮರಳಿ ಬರುವುದಿಲ್ಲ.

ಸ್ವಿಚ್‌ಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಚಾಲೂ ಮಾಡಿ, ನಿಮ್ಮ ಡಿಎಚ್‌ಸಿಪಿ ಯಂತ್ರದ ಕಡೆಗೆ ಹೋಗುವ ಅಪ್‌ಲಿಂಕ್ ಪೋರ್ಟ್‌ಗಳನ್ನಷ್ಟೇ ನಂಬಿಕಸ್ಥವೆಂದು ಗುರುತಿಸಿ. ಆಗ ಆಟಗಾರರು ತಂದ ರೂಟರ್‌ಗಳ ಉತ್ತರಗಳು ಆ ಸ್ವಿಚ್ಚಿನಲ್ಲೇ ನಿಲ್ಲುತ್ತವೆ. ಒಂದು ಅಪ್‌ಲಿಂಕನ್ನು ಗುರುತಿಸಲು ಮರೆತರೂ ಆ ಸ್ವಿಚ್ಚಿನ ಹಿಂದಿರುವ ಇಡೀ ಸಾಲಿಗೆ ವಿಳಾಸ ಸಿಗದು ಎಂಬುದನ್ನು ಮನಸ್ಸಿನಲ್ಲಿಡಿ. ಐಪಿವಿ6 (ವಿಳಾಸಗಳ ಹೊಸ ಪದ್ಧತಿ) ಬಳಸದಿದ್ದರೂ, ಅನಧಿಕೃತ ರೂಟರ್‌ಗಳ ಐಪಿವಿ6 ಪ್ರಕಟಣೆಗಳನ್ನು ತಡೆಯುವ ಆರ್‌ಎ ಗಾರ್ಡ್ ಸೌಲಭ್ಯವಿದ್ದರೆ ಅದನ್ನೂ ಹಾಕಿ.

ಆಟಗಾರರ ಕಡೆಯ ಪೋರ್ಟ್‌ಗಳಲ್ಲಿ ಪೋರ್ಟನ್ನು ಕಾಯಿಸದೆ ತೆರೆಯುವ ಪೋರ್ಟ್‌ಫಾಸ್ಟ್ ಬಗೆಯ ಆಯ್ಕೆಯನ್ನೂ ಲೂಪಿನ ಸುಳಿವು ಕಂಡರೆ ಪೋರ್ಟ್ ಮುಚ್ಚುವ ಬಿಪಿಡಿಯು ಗಾರ್ಡ್ ಅನ್ನೂ ಒಟ್ಟಿಗೇ ಹಾಕಬೇಕು. ಲೂಪ್ ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀ ವಿಧಾನದಲ್ಲಿ ಕೇಬಲ್ ಸಿಕ್ಕಿಸಿದ ಮೇಲೆ ಪೋರ್ಟ್ ತೆರೆದುಕೊಳ್ಳಲು 30 ಸೆಕೆಂಡ್ ಹಿಡಿಯುತ್ತದೆ. ಆ ನಡುವೆ ಕಂಪ್ಯೂಟರ್ ಕೇಳಿದ ವಿಳಾಸದ ಕೋರಿಕೆಗಳು ಕಳೆದುಹೋಗುತ್ತವೆ.

ಐಜಿಎಂಪಿ ಸ್ನೂಪಿಂಗ್ ಚಾಲೂ ಇದ್ದರೆ ಜಾಲದಲ್ಲಿ ಎಲ್ಲಾದರೂ ಒಂದು ಐಜಿಎಂಪಿ ಕ್ವೆರಿಯರ್ (ಯಾರಿಗೆ ಯಾವ ಗುಂಪಿನ ಸಂದೇಶ ಬೇಕು ಎಂದು ಆಗಾಗ ಕೇಳುವ ಸಾಧನ) ಇರಬೇಕು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯಲ್ಲಿ ಆಟಗಾರನೊಬ್ಬ ತನ್ನ ಲೋಕವನ್ನು ಲ್ಯಾನಿಗೆ ತೆರೆದಾಗ ಅದರ ಪ್ರಕಟಣೆ 224.0.2.60 ಎಂಬ ಮಲ್ಟಿಕಾಸ್ಟ್ (ಗುಂಪಿನ) ವಿಳಾಸದ 4445ನೇ ಯುಡಿಪಿ ಪೋರ್ಟಿಗೆ ಹೋಗುತ್ತದೆ. ಕ್ವೆರಿಯರ್ ಇಲ್ಲದಿದ್ದರೆ ಇಂಥ ಪ್ರಕಟಣೆಗಳು ಮೊದಲ ಕೆಲವು ನಿಮಿಷ ಬಂದು ಆಮೇಲೆ ನಿಂತುಹೋಗಬಹುದು. ಪ್ರತ್ಯೇಕ ಸರ್ವರ್ ತಂತ್ರಾಂಶವಾಗಿ ಓಡಿಸಿದ ಮೈನ್‌ಕ್ರಾಫ್ಟ್ ಹೀಗೆ ಪ್ರಕಟಣೆ ಮಾಡುವುದೇ ಇಲ್ಲ. ಅದರ ವಿಳಾಸವನ್ನು ಆಟಗಾರರಿಗೆ ಹೇಳಲೇಬೇಕು.

## ಹಂತ 7: ಪೋರ್ಟ್‌ಗಳನ್ನು ತೆರೆಯಿರಿ

ಫೈರ್‌ವಾಲನ್ನು ಪೂರ್ತಿ ಆರಿಸಿಬಿಡುವುದು ಪರಿಹಾರವಲ್ಲ. ಸೋರ್ಸ್ ಎಂಜಿನ್‌ನ ಸರ್ವರ್‌ಗಳಿಗೆ ಯುಡಿಪಿ 27015, ಮೈನ್‌ಕ್ರಾಫ್ಟ್ ಜಾವಾಗೆ ಟಿಸಿಪಿ 25565, ಫ್ಯಾಕ್ಟೋರಿಯೋಗೆ ಯುಡಿಪಿ 34197, ಟೆರೇರಿಯಾಗೆ ಟಿಸಿಪಿ 7777, ಅನ್‌ರಿಯಲ್ ಟೂರ್ನಮೆಂಟ್‌ಗೆ ಯುಡಿಪಿ 7777 ಮೂಲ ಪೋರ್ಟ್‌ಗಳು. ಟೆರೇರಿಯಾ ಮತ್ತು ಅನ್‌ರಿಯಲ್‌ಗಳ ಸಂಖ್ಯೆ ಒಂದೇ ಆಗಿದ್ದರೂ ಬಗೆ ಬೇರೆಯಾಗಿರುವುದನ್ನು ಗಮನಿಸಿ. ಸಂಖ್ಯೆ ಸರಿಯಿದ್ದು ಬಗೆ ತಪ್ಪಿದ ನಿಯಮ ಬಹಳ ಹೊತ್ತು ಕಣ್ಣಿಗೆ ಬೀಳುವುದಿಲ್ಲ.

ಸೋರ್ಸ್ ಸರ್ವರ್‌ಗಳನ್ನು ದೂರದಿಂದ ನಿಯಂತ್ರಿಸುವ ಆರ್‌ಕಾನ್ ಸೇವೆ ಅದೇ ಸಂಖ್ಯೆಯ ಟಿಸಿಪಿ ಪೋರ್ಟನ್ನು ಬಳಸುತ್ತದೆ. ಅದನ್ನು 10.40.0.200ರಿಂದ ಮೇಲಿನ ಸಂಘಟಕರ ವಿಳಾಸಗಳಿಗೆ ಮಾತ್ರ ತೆರೆಯಿರಿ.

## ಹಂತ 8: ಹೆಸರು ಕೊಡಿ

ಡಿಎನ್‌ಎಸ್‌ನಲ್ಲಿ ಪ್ರತಿ ಸರ್ವರಿಗೂ ಚಿಕ್ಕ, ಬಾಯಲ್ಲಿ ಹೇಳಬಹುದಾದ ಹೆಸರಿಡಿ. ಕೊನೆಯ ಭಾಗವಾಗಿ ‘ಲೋಕಲ್’ (.local) ಅನ್ನು ಬಳಸಬೇಡಿ. ಅದು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ (ಸರ್ವರ್ ಇಲ್ಲದೆ ಯಂತ್ರಗಳೇ ಪರಸ್ಪರ ಹೆಸರು ಕೇಳುವ ವಿಧಾನಕ್ಕೆ) ಮೀಸಲಾಗಿರುವುದರಿಂದ ಕೆಲವು ಯಂತ್ರಗಳು ನಿಮ್ಮ ಡಿಎನ್‌ಎಸ್ ಸರ್ವರನ್ನು ಕೇಳುವುದೇ ಇಲ್ಲ. ಹಳೆಯ ಕೆಲವು ಆಟಗಳು ಹೆಸರನ್ನು ಸ್ವೀಕರಿಸದ ಕಾರಣ, ಗೋಡೆಗೆ ಹಚ್ಚುವ ಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲಿ ಅಂಕಿಗಳ ವಿಳಾಸವೂ ಇರಬೇಕು. ಲ್ಯಾನ್‌ಕ್ಯಾಶ್ ಬಳಸುವುದಾದರೆ ಅದು ಡಿಎನ್‌ಎಸ್ ಉತ್ತರಗಳನ್ನು ತನ್ನತ್ತ ತಿರುಗಿಸಿಕೊಂಡೇ ಕೆಲಸ ಮಾಡುತ್ತದೆ. ಯಂತ್ರದಲ್ಲಿ ಬೇರೆ ಡಿಎನ್‌ಎಸ್ ನಮೂದಿಸಿಕೊಂಡ ಆಟಗಾರನಿಗೆ ಅದರ ಪ್ರಯೋಜನ ದಕ್ಕುವುದಿಲ್ಲ.

## ಹಂತ 9: ಬಾಗಿಲು ತೆರೆಯುವ ಮುನ್ನ ಪರೀಕ್ಷಿಸಿ

ಪರೀಕ್ಷೆಯ ಲ್ಯಾಪ್‌ಟಾಪ್‌ಗಳನ್ನು ಆಟಗಾರರ ಪೋರ್ಟ್‌ಗಳಿಗೇ ಸಿಕ್ಕಿಸಿ, ಡಿಎಚ್‌ಸಿಪಿಯಿಂದ ಬಂದ ವಿಳಾಸದಲ್ಲೇ ಪರೀಕ್ಷಿಸಿ. ಒಂದು ಸರ್ವರ್ ಇರುವ ಸ್ವಿಚ್ಚಿನಲ್ಲಿರಲಿ, ಇನ್ನೊಂದು ಸಭಾಂಗಣದ ಅತಿ ದೂರದ ಸ್ವಿಚ್ಚಿನಲ್ಲಿರಲಿ, ಮೂರನೆಯದು ಬೇರೆ ವಿಲ್ಯಾನ್ ಇದ್ದರೆ ಅಲ್ಲಿರಲಿ.

ಕ್ರಮ ಹೀಗಿರಲಿ. ಮೊದಲು ಬಂದ ವಿಳಾಸ, ಮಾಸ್ಕ್, ಗೇಟ್‌ವೇ ಮತ್ತು ಡಿಎನ್‌ಎಸ್ ದಾಖಲೆಯೊಂದಿಗೆ ಹೊಂದುತ್ತವೆಯೇ ನೋಡಿ. ಅನಂತರ ಗೇಟ್‌ವೇ, ಆಮೇಲೆ ಸರ್ವರ್ ಪಿಂಗ್‌ಗೆ ಉತ್ತರಿಸುತ್ತವೆಯೇ ನೋಡಿ. ಎಆರ್‌ಪಿ ಕೋಷ್ಟಕದಲ್ಲಿ ಸರ್ವರ್‌ನ ಎದುರು ಕಾಣುವ ಮ್ಯಾಕ್ ವಿಳಾಸ ನಿಮ್ಮ ಹಾಳೆಯಲ್ಲಿರುವುದೇ ಎಂದು ಹೋಲಿಸಿ. ವಿಲ್ಯಾನ್ ಬೇರೆಯಾಗಿದ್ದರೆ ಅಲ್ಲಿ ಕಾಣುವುದು ಗೇಟ್‌ವೇಯ ಮ್ಯಾಕ್ ವಿಳಾಸ ಮಾತ್ರ. ಬಳಿಕ ವಿಳಾಸ ನಮೂದಿಸಿ ನೇರವಾಗಿ ಆಟಕ್ಕೆ ಸೇರಿ, ಕೊನೆಯಲ್ಲಿ ಲ್ಯಾನ್ ಪಟ್ಟಿಯನ್ನು ತೆರೆಯಿರಿ. ಪಟ್ಟಿಯಿಂದಲೇ ಪರೀಕ್ಷೆ ಶುರುಮಾಡುವವರು ನಾಲ್ಕು ಬೇರೆ ಬೇರೆ ದೋಷಗಳನ್ನು ಒಂದೇ ಎಂದು ತಿಳಿದು ಗಂಟೆಗಟ್ಟಲೆ ಕಳೆಯುತ್ತಾರೆ.

ಯುಡಿಪಿ ಪೋರ್ಟನ್ನು ಟೆಲ್ನೆಟ್‌ನಿಂದ ಪರೀಕ್ಷಿಸಲಾಗದು, ಅದು ಟಿಸಿಪಿಗೆ ಮಾತ್ರ ಸಲ್ಲುತ್ತದೆ. ಸರ್ವರ್ ಕಡೆ ವೈರ್‌ಶಾರ್ಕ್ ತೆರೆದು ಪ್ರಶ್ನೆ ಬರುತ್ತಿದೆಯೇ, ಉತ್ತರ ಹೊರಡುತ್ತಿದೆಯೇ ಎಂದು ಕಣ್ಣಾರೆ ನೋಡುವುದೇ ಖಚಿತ ಮಾರ್ಗ. ಪ್ರಶ್ನೆ ಬಂದೂ ಉತ್ತರ ಹೊರಡದಿದ್ದರೆ ಮೊದಲು ಫೈರ್‌ವಾಲ್ ನೋಡಿ, ಪ್ರಶ್ನೆಯೇ ಬರದಿದ್ದರೆ ಸ್ವಿಚ್ ಅಥವಾ ವಿಲ್ಯಾನ್ ನೋಡಿ.

## ಪಾರ್ಟಿ ನಡೆಯುವಾಗ ಕಾಣುವ ಎಚ್ಚರಿಕೆಯ ಚಿಹ್ನೆಗಳು

ಆಟಗಾರನ ವಿಳಾಸ 169.254ರಿಂದ ಆರಂಭವಾಗಿದ್ದರೆ ಅವನ ಯಂತ್ರಕ್ಕೆ ಡಿಎಚ್‌ಸಿಪಿ ಉತ್ತರ ಬಂದಿಲ್ಲ ಎಂದರ್ಥ. ಒಬ್ಬನಿಗೆ ಮಾತ್ರವಾದರೆ ಕೇಬಲ್ ಅಥವಾ ಪೋರ್ಟ್. ಒಂದು ಸಾಲಿಗೆಲ್ಲ ಆದರೆ ಆ ಸ್ವಿಚ್ಚಿನ ಅಪ್‌ಲಿಂಕ್ ಅಥವಾ ಸ್ನೂಪಿಂಗ್. ಹೊಸದಾಗಿ ಬರುವವರಿಗೆಲ್ಲ ಆದರೆ ಶ್ರೇಣಿ ಖಾಲಿಯಾಗಿದೆ ಅಥವಾ ಸೇವೆ ನಿಂತಿದೆ.

192.168ರಿಂದ ಆರಂಭವಾದ ವಿಳಾಸ ಕಂಡರೆ ಯಾರೋ ತಂದ ರೂಟರ್ ವಿಳಾಸ ಹಂಚುತ್ತಿದೆ. ಆ ಯಂತ್ರದಲ್ಲಿ ಡಿಎಚ್‌ಸಿಪಿ ಸರ್ವರ್‌ನ ವಿಳಾಸ ಯಾವುದೆಂದು ನೋಡಿ, ಎಆರ್‌ಪಿ ಕೋಷ್ಟಕದಿಂದ ಅದರ ಮ್ಯಾಕ್ ವಿಳಾಸ ಪಡೆದು, ಆ ಮ್ಯಾಕ್ ಯಾವ ಸ್ವಿಚ್ಚಿನ ಯಾವ ಪೋರ್ಟಿನಲ್ಲಿದೆ ಎಂದು ಸ್ವಿಚ್‌ಗಳ ಕೋಷ್ಟಕಗಳಲ್ಲಿ ಹುಡುಕಿ. ಪೋರ್ಟನ್ನು ಮುಚ್ಚಿ, ಅನಂತರ ಆ ಮೇಜಿಗೆ ಹೋಗಿ.

ಒಬ್ಬನಿಗೆ ಮಾತ್ರ ಪಟ್ಟಿ ಖಾಲಿಯಿದ್ದು, ನೇರವಾಗಿ ಸೇರಲು ಸಾಧ್ಯವಾದರೆ ಅವನ ಯಂತ್ರದಲ್ಲಿ ವರ್ಚುವಲ್ ಅಥವಾ ವಿಪಿಎನ್ ಅಡಾಪ್ಟರ್ ಇದೆಯೇ ನೋಡಿ. ಹುಡುಕಾಟದ ಪ್ರಶ್ನೆ ಆ ಅಡಾಪ್ಟರಿನಿಂದ ಹೊರಟು ಎಲ್ಲಿಗೂ ತಲುಪದೆ ಹೋಗುತ್ತಿರುತ್ತದೆ.

ಸರ್ವರ್ ಆಗಾಗ ಮಾಯವಾಗಿ ಮರಳಿ ಬರುತ್ತಿದ್ದರೆ ಎರಡು ಯಂತ್ರಗಳು ಒಂದೇ ವಿಳಾಸವನ್ನು ಹಿಡಿದಿರುವ ಸಂಭವ ಹೆಚ್ಚು. ಸರ್ವರ್‌ನ ಕೇಬಲ್ ತೆಗೆದು ಅದೇ ವಿಳಾಸವನ್ನು ಪಿಂಗ್ ಮಾಡಿ, ಎಆರ್‌ಪಿ ಕೋಷ್ಟಕವನ್ನೂ ನೋಡಿ. ಪಿಂಗ್‌ಗೆ ಉತ್ತರ ಬಂದರೆ, ಅಥವಾ ಕೋಷ್ಟಕದಲ್ಲಿ ಹೊಸ ಮ್ಯಾಕ್ ವಿಳಾಸ ಕಂಡರೆ, ಇನ್ನೊಂದು ಯಂತ್ರ ಇದೆ ಎಂಬುದು ಸಾಬೀತಾಯಿತು. ಆಗ ಸರ್ವರ್‌ನ ವಿಳಾಸವನ್ನು ಬದಲಿಸುವ ಆತುರ ಬೇಡ. ಗೋಡೆಯ ಮೇಲಿನ ಪಟ್ಟಿ ಮತ್ತು ಡಿಎನ್‌ಎಸ್ ಎರಡೂ ಸುಳ್ಳಾಗುತ್ತವೆ. ಅತಿಕ್ರಮಿಸಿದ ಯಂತ್ರವನ್ನು ಮೇಲೆ ಹೇಳಿದಂತೆ ಮ್ಯಾಕ್ ವಿಳಾಸದಿಂದ ಪತ್ತೆಹಚ್ಚಿ ಸರಿಪಡಿಸಿ.

ಎಲ್ಲ ಸ್ವಿಚ್‌ಗಳ ದೀಪಗಳು ಒಂದೇ ಲಯದಲ್ಲಿ ಬಿಡುವಿಲ್ಲದೆ ಮಿನುಗಿ ಇಡೀ ಸಭಾಂಗಣ ನಿಧಾನವಾದರೆ ಅದು ವಿಳಾಸದ ತೊಂದರೆಯಲ್ಲ, ಲೂಪ್. ಮುಖ್ಯ ಸ್ವಿಚ್ಚಿನಿಂದ ಸಾಲುಗಳ ಅಪ್‌ಲಿಂಕ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಬನ್ನಿ. ಯಾವುದನ್ನು ತೆಗೆದಾಗ ಶಾಂತವಾಗುತ್ತದೋ ಆ ಸಾಲಿನಲ್ಲಿ ಕೇಬಲ್‌ಗಳನ್ನು ಪರೀಕ್ಷಿಸಿ.

ಪಾರ್ಟಿ ಶುರುವಾದ ಮೇಲೆ ಆಟಗಾರರು ಹೊಸ ಸರ್ವರ್‌ಗಳನ್ನು ತೆರೆಯಲು ಬಯಸುವುದು ಸಹಜ. ಅವರನ್ನು ತಡೆಯಬೇಡಿ, ನೆಟ್‌ವರ್ಕ್ ಮೇಜಿಗೆ ಬಂದು ಯಂತ್ರದ ಮ್ಯಾಕ್ ವಿಳಾಸ ಕೊಟ್ಟರೆ ಸರ್ವರ್ ಶ್ರೇಣಿಯಿಂದ ಒಂದು ವಿಳಾಸವನ್ನು ಮೀಸಲಿಟ್ಟು, ಹಾಳೆಯಲ್ಲಿ ಬರೆದು, ಡಿಎನ್‌ಎಸ್‌ಗೂ ಗೋಡೆಯ ಪಟ್ಟಿಗೂ ಸೇರಿಸಿ. ಸರ್ವರ್‌ಗಳು ಪ್ರತ್ಯೇಕ ವಿಲ್ಯಾನಿನಲ್ಲಿದ್ದರೆ ಆ ಯಂತ್ರದ ಸ್ವಿಚ್ ಪೋರ್ಟನ್ನೂ ಆ ವಿಲ್ಯಾನಿಗೆ ಬದಲಿಸಬೇಕು. ಬಳಿಕ ಅಡಾಪ್ಟರನ್ನು ಒಮ್ಮೆ ನಿಷ್ಕ್ರಿಯಗೊಳಿಸಿ ಮತ್ತೆ ಚಾಲೂ ಮಾಡಿಸಿ, ಹೊಸ ವಿಳಾಸ ಬಂದಿದೆಯೇ ಎಂದು ನೋಡಿದ ಮೇಲೆಯೇ ಸರ್ವರ್ ತಂತ್ರಾಂಶವನ್ನು ಆರಂಭಿಸಲು ಹೇಳಿ. ಮೊದಲೇ ಆರಂಭಿಸಿದ್ದರೆ ಅದು ಹಳೆಯ ವಿಳಾಸವನ್ನೇ ಹಿಡಿದುಕೊಂಡಿರಬಹುದು.